ನಾಲ್ಕು ತಾಲೂಕಿನ ಕೋಡಿನ ಟೊಪಗಿ

ತಾನು ಈ ಲೋಕದಲ್ಲಿ ಬಾಳಿದ್ದಕ್ಕೆ ಒಂದು ಗುರುತು ಉಳಿಯಲೆಂದು ಮನುಷ್ಯ ಏನನ್ನಾದರೂ ಕೂಡಿಹಾಕುತ್ತಾನೆ. ರಾಜರ ಖಜಾನೆಗಳು ತುಂಬಿದ್ದೂ ವಸ್ತುಸಂಗ್ರಹಾಲಯಗಳು ಎದ್ದು ನಿಂತದ್ದೂ ಈ ಒಂದು ಚಪಲದಿಂದಲೇ. ನನಗೂ ಆ ಚಪಲ ಉಂಟು. ಹಿಂದಿನ ಕಾಲದ ಜರ್ಮನ್ ಸಿಪಾಯಿಗಳು ನೆತ್ತಿಯ ಮೇಲೆ ಹಿತ್ತಾಳೆಯ ಕೋಡು ನಿಲ್ಲಿಸಿಕೊಂಡು ತೊಡುತ್ತಿದ್ದ ಟೋಪಿಗಳ ಸಂಗ್ರಾಹಕ ನಾನು. ನನ್ನ ಸಂಗ್ರಹದಲ್ಲಿ ಸದ್ಯಕ್ಕೆ ಕಾಲು ಟೋಪಿ ಇದೆ.

ಕಾಲು ಅಂದದ್ದು ಲೆಕ್ಕ ಹಾಕಿಯೇ. ನಾನು ಸರ್ವೇ ಇಲಾಖೆಯಲ್ಲಿ ಭೂಮಾಪಕನಾಗಿದ್ದು ನಿವೃತ್ತನಾದವನು. ಮುದ್ದೇಬಿಹಾಳ ತಾಲೂಕಿನ ಅಣ್ಣತಮ್ಮಂದಿರ ಹೊಲಗಳಲ್ಲಿ ಸರಪಳಿ ಎಳೆದು, ಕಲ್ಲು ನೆಟ್ಟು, ಒಂದಾಗಿದ್ದುದನ್ನು ನಾಲ್ಕು ಮಾಡಿ ಸಂಬಳ ತಿಂದವನು. ಅಂಥವನಿಗೆ ನಾಲ್ಕಾದದ್ದನ್ನು ಒಂದು ಮಾಡುವ ಕೆಲಸ ಬಂದರೆ ಹೇಗೆ ಆಗಬೇಕೋ ಹಾಗೇ ಆಯಿತು.

ಟೋಪಿ ತಂದವನು ನನ್ನ ಮುತ್ಯಾ, ಅಪ್ಪನ ಅಪ್ಪ. ಮೊದಲ ಮಹಾಯುದ್ಧದಲ್ಲಿ ಹೇಸರಗತ್ತೆ ಕಾಯುವ ಕೆಲಸಕ್ಕೆಂದು ಹಡಗು ಹತ್ತಿ ಫ್ರಾನ್ಸ್ ದೇಶಕ್ಕೆ ಹೋಗಿದ್ದ. ಜರ್ಮನ್ ಸಿಪಾಯಿಯೊಬ್ಬನನ್ನು ಕೊಂದು ಟೋಪಿ ಕಿತ್ತುಕೊಂಡ ಎಂದು ಮನೆತನದ ಮೂರು ಕವಲುಗಳು ಹೇಳುತ್ತವೆ. ಸೆರೆಸಿಕ್ಕು ಕುಂತಿದ್ದವನೊಬ್ಬನಿಗೆ ತನ್ನ ತಂಬಾಕಿನ ಚಂಚಿ ಕೊಟ್ಟು ಬದಲಿಗೆ ಇದನ್ನು ತಗೊಂಡ ಎಂದು ನಮ್ಮ ಕವಲು ಹೇಳುತ್ತದೆ. ನಮ್ಮದು ಸ್ವಲ್ಪ ಸಪ್ಪೆ ಕವಲು.

ಮುತ್ಯಾ ತೀರಿಕೊಂಡ ವರ್ಷ ನಾಲ್ಕು ಗಂಡುಮಕ್ಕಳು ಪಾಲಾದರು. ಹಿರಿಯರು ಬಂದು ಪಡಸಾಲೆಯಲ್ಲಿ ಕುಂತರು. ಹೊಲ ಹಂಚಿದರು, ಎತ್ತು ಹಂಚಿದರು, ಹಂಡೆ ಕೊಪ್ಪರಿಗೆ ಹಂಚಿದರು. ಕೊನೆಗೆ ಟೊಪಗಿ ಉಳಿಯಿತು. ಅದಕ್ಕೆ ಬೆಲೆ ಕಟ್ಟಲು ಯಾರಿಗೂ ಬರಲಿಲ್ಲ. ಒಬ್ಬನಿಗೆ ಕೊಟ್ಟರೆ ಮೂವರಿಗೆ ಅನ್ಯಾಯ. ಆಗ ಹಿರಿಯರು ಇಡೀ ಜರ್ಮನಿಯಲ್ಲಿ ಯಾರಿಗೂ ಹೊಳೆಯದ ನ್ಯಾಯ ಹೇಳಿದರು: ಬಿಚ್ಚಿರಿ.

ಬಿಚ್ಚಿದರು. ನೆತ್ತಿಯ ಕೋಡು ಒಂದು ಪಾಲು. ಹಣೆಯ ಮೇಲಿನ ಹಿತ್ತಾಳೆಯ ಹದ್ದು ಒಂದು ಪಾಲು. ಗದ್ದದ ಕೆಳಗೆ ಬಿಗಿಯುವ, ಮೀನಿನ ಹುರುಪೆಯಂಥ ಬಿಲ್ಲೆಗಳ ಪಟ್ಟಿ ಒಂದು ಪಾಲು. ಉಳಿದ ಕರಿ ತೊಗಲಿನ ಚಿಪ್ಪು ಒಂದು ಪಾಲು. ಚೀಟಿ ಬರೆದು ಮಡಿಚಿ, ಹೊರಗೆ ಆಡುತ್ತಿದ್ದ, ಆ ನಾಲ್ವರ ಪುಟ್ಟ ತಂಗಿಯನ್ನು ಕರೆದು ಎತ್ತಿಸಿದರು. ಕೋಡು ಇಂಡಿ ತಾಲೂಕಿನ ದೊಡ್ಡಪ್ಪನಿಗೆ ಹೋಯಿತು, ಹದ್ದು ಸಿಂದಗಿಯ ದೊಡ್ಡಪ್ಪನಿಗೆ, ಬಿಲ್ಲೆಪಟ್ಟಿ ಬಸವನ ಬಾಗೇವಾಡಿಯ ಕಾಕಾನಿಗೆ. ಚಿಪ್ಪು ಮುದ್ದೇಬಿಹಾಳಕ್ಕೆ ಬಂದು ನೆಲೆಸಿದ ನನ್ನ ಅಪ್ಪನಿಗೆ ಬಂತು. ನಮ್ಮವ್ವ ಅದರಲ್ಲಿ ಹುಲ್ಲು ಹಾಸಿ ಕೋಳಿ ಕಾವಿಗೆ ಕೂಡಿಸಿದಳು. ಒಂದು ಸಾಮ್ರಾಜ್ಯದ ಶಿರಸ್ತ್ರಾಣದಲ್ಲಿ ಎಷ್ಟು ತಲೆಮಾರಿನ ಮರಿಗಳು ಕಣ್ಣು ಬಿಟ್ಟವೋ ನಾನು ಎಣಿಸಲಿಲ್ಲ.

ನಿವೃತ್ತಿಯ ಮೇಲೆ ಹೊತ್ತು ಹೋಗದೆ ಆ ಚಿಪ್ಪನ್ನು ಒರೆಸಿ, ಮೊಬೈಲಿನಲ್ಲಿ ಅದರ ಜಾತಕ ಹುಡುಕಿದೆ. ಜಗತ್ತಿನ ತುಂಬ ಇಂಥ ಟೋಪಿಗಳ ಹುಚ್ಚರಿದ್ದಾರೆಂದು ಆಗ ತಿಳಿಯಿತು. ಹೊಳೆಯುವ ಹದ್ದು, ಹೊಳೆಯುವ ಕೋಡು, ಕನ್ನಡಿಯಂಥ ಕರಿ ತೊಗಲು, ಒಂದಕ್ಕಿಂತ ಒಂದು ಚಂದ. ನಡುನಡುವೆ ಮಣ್ಣುಬಣ್ಣದ ಬಟ್ಟೆಯ ಗವುಸು ಹಾಕಿದ ಟೋಪಿಗಳ ಚಿತ್ರಗಳೂ ಬರುತ್ತಿದ್ದವು. ರಣರಂಗದಲ್ಲಿ ಹಿತ್ತಾಳೆ ಮಿಂಚಿ ವೈರಿಗೆ ಕಾಣಬಾರದೆಂದು ಹಾಗೆ ಮುಚ್ಚುತ್ತಿದ್ದರಂತೆ. ನನಗೆ ಅವು ಚಂದ ಕಾಣಲಿಲ್ಲ. ಬೆರಳಿನಿಂದ ಮೇಲೆ ತಳ್ಳಿಬಿಡುತ್ತಿದ್ದೆ. ಈ ಬೆರಳಿನ ಮಾತು ಮುಂದೆ ಬರುತ್ತದೆ.

ನಾಲ್ಕು ತಾಲೂಕಿನ ಹಳೇ ಮನೆಗಳಲ್ಲಿ ಇನ್ನೂ ಇಂಥವು ಇರಬಹುದೆಂದು ಬಸ್ಸು ಹತ್ತಿ ತಿರುಗಿದ್ದೂ ಆಯಿತು. ಸಿಂದಗಿಯ ಹತ್ತಿರದ ಹಳ್ಳಿಯೊಂದರಲ್ಲಿ ಭಾರೀ ಗುಟ್ಟಿನಿಂದ ಗಂಟು ಬಿಚ್ಚಿ ತೋರಿಸಿದರು. ಬಯಲಾಟದ ದುರ್ಯೋಧನನ ಕಿರೀಟ. ಇಂಡಿಯಲ್ಲಿ ಒಬ್ಬರ ಹಿತ್ತಲಲ್ಲಿ ನಿಜವಾಗಿಯೂ ಸೈನಿಕನ ಕಬ್ಬಿಣದ ಟೋಪಿ ಇತ್ತು. ಆದರೆ ಬೇರೆ ಯುದ್ಧದ್ದು, ಕೋಡಿಲ್ಲದ್ದು. ಅದರಲ್ಲಿ ಸಿಮೆಂಟು ಕಲಸುತ್ತಿದ್ದರು. ಹೀಗೆ ಸಂಗ್ರಹ ಬೆಳೆಯದೆ ಕಾಲಿಗೇ ನಿಂತಿತ್ತು. ನಾನೂ ಸುಮ್ಮನಾಗುತ್ತಿದ್ದೆ. ಸುಮ್ಮನಾಗಗೊಡದವಳು ನನ್ನ ಸೋದರತ್ತೆ, ಅಂದು ಚೀಟಿ ಎತ್ತಿದವಳು.

ಅತ್ತೆಯನ್ನು ಕೊಟ್ಟದ್ದು ಇಂಗಳೇಶ್ವರಕ್ಕೆ. ತೊಂಬತ್ತರ ಹತ್ತಿರದ ಜೀವ. ಕಿವಿ ಚುರುಕು, ನಾಲಿಗೆ ಅದಕ್ಕಿಂತ ಚುರುಕು, ಕಣ್ಣು ಮಾತ್ರ ಆರುತ್ತಿತ್ತು. ಬಲಗಣ್ಣು ಆಗಲೇ ಹೋಗಿತ್ತು. ಎಡಗಣ್ಣಿನ ನರವೂ ಒಣಗುತ್ತಿದೆ, ಔಷಧದಿಂದ ದೀಪಾವಳಿ ತನಕ ತಳ್ಳಬಹುದು, ಆಮೇಲೆ ಹೇಳಲಾಗದು ಎಂದು ಡಾಕ್ಟರರು ಹೇಳಿದ್ದರು. ಯುಗಾದಿ ಮರುದಿನ ನಾನು ಬೇವು ಬೆಲ್ಲ ತಗೊಂಡು ಹೋದಾಗ ಅತ್ತೆ ಕೇಳಿದಳು:

"ನೀ ಏನೋ ಟೊಪಗಿ ಹುಡಕ್ಕೋಂತ ತಿರಗತೀಯಂತಲ್ಲೋ ಯಪ್ಪಾ. ಊರ ಮಂದಿ ಟೊಪಗಿ ಯಾಕ? ನಮ್ಮಪ್ಪನ್ದ ಐತೆಲ್ಲ."

"ನಾಕ ಕಡೆ ಐತ್ರಿ ಅತ್ತಿ."

"ನಾಕೂ ಕೂಡಸು. ಕಣ್ಣ ಇರೂದ್ರಾಗ ಒಮ್ಮೆ ನೋಡತೇನಿ."

"ನೋಡಿ ಏನ ಮಾಡ್ತೀರಿ?"

"ಅಪ್ಪನ ಮಾರಿ ನೆನಪಿಲ್ಲ ನನಗ," ಅಂದಳು. "ಅವಂದೊಂದು ಫೋಟೋ ಇಲ್ಲ. ಹಬ್ಬದ ದಿವಸ ಟೊಪಗಿ ಹಾಕ್ಕೊಂಡು ನನ್ನ ಹೆಗಲ ಮ್ಯಾಲ ಕೂಡಿಸ್ಕೊಂಡು ಓಣಿ ತಿರಗತಿದ್ದ. ನಾ ಬೀಳಬಾರದಂತ ಕೋಡ ಹಿಡ್ಕೊಂಡಿರತಿದ್ದೆ. ಟೊಪಗಿ ಕಣ್ಣಿಗೆ ಕಟ್ಟತೈತಿ, ಮಾರಿ ಕಟ್ಟವಲ್ದು. ಟೊಪಗಿ ಕಂಡ್ರ ಕೆಳಗ ಮಾರಿನೂ ಬಂದೀತು ಅಂತ."

ಇಷ್ಟೇ ವಿಷಯ. ಆವತ್ತಿನಿಂದ ನನ್ನ ಹವ್ಯಾಸ ಕೆಲಸವಾಯಿತು.

ಮೊದಲು ಇಂಡಿಗೆ ಹೋದೆ. ದೊಡ್ಡಪ್ಪನ ಮಗ ಲಿಂಬೆ ತೋಟದವನು. ನನಗಿಂತ ಹಿರಿಯ, ಅಣ್ಣ. ಕೋಡು ಎಲ್ಲಿದೆ ಎಂದು ಕೇಳಿದ್ದಕ್ಕೆ ಅವನ ಹೆಂಡತಿ, ನಮ್ಮ ವೈನಿ, ಒಳಗಿನಿಂದ ಶರಬತ್ತು ತಂದು ಕೊಟ್ಟರು. ಕುಡಿದಾದ ಮೇಲೆ ಕೋಡನ್ನೂ ತಂದು ತೋರಿಸಿದರು. ಆಗ ತಾನೇ ತೊಳೆದಿತ್ತು. ಜರ್ಮನ್ ಕುಶಲಕರ್ಮಿಗಳು ಸಿಪಾಯಿಯ ತಲೆಗೆ ಗಾಳಿಯಾಡಲೆಂದು ಕೋಡಿನ ಬುಡದ ಸುತ್ತ ಸಣ್ಣ ತೂತು ಬಿಟ್ಟಿರುತ್ತಾರೆ. ಅರ್ಧ ಕೊಯ್ದ ಲಿಂಬೆಯನ್ನು ಮೇಲಿನಿಂದ ಒತ್ತಿ ತಿರುವಿದರೆ ರಸ ಆ ತೂತಿನಿಂದ ಪಾತ್ರೆಗೆ ಇಳಿಯುತ್ತದೆ, ಬೀಜ ಮೇಲೆ ನಿಲ್ಲುತ್ತದೆ.

"ಇಂಥಾದ್ದು ಪ್ಯಾಟ್ಯಾಗ ಸಿಗೂದಿಲ್ರಿ," ಅಂದರು ವೈನಿ.

ಎಷ್ಟೋ ದಶಕದ ಹುಳಿಗೆ ಹಿತ್ತಾಳೆ ಗುಲಾಬಿ ಬಣ್ಣಕ್ಕೆ ತಿರುಗಿ ತುದಿ ಮೊಂಡಾಗಿತ್ತು. ಅತ್ತೆಯ ಮಾತು ಹೇಳಿದೆ. ಅಣ್ಣ ಮೀಸೆ ತಿರುವಿ, "ಕೊಡೂಣು. ಅತ್ತಿ ಅಂದ್ರ ಇಲ್ಲ ಅಂತೇನು? ಸಿಂದಗ್ಯಾಂವ ಮೊದಲ ಕೊಡ್ಲಿ," ಅಂದ.

ಸಿಂದಗಿಯವನೂ ಅಣ್ಣನೇ, ಎರಡನೇ ದೊಡ್ಡಪ್ಪನ ಮಗ. ವಕೀಲ. ಅವನ ಮನೆಯ ತಲೆಬಾಗಿಲ ಚೌಕಟ್ಟಿನ ಮೇಲೆ ಹದ್ದನ್ನು ಮೊಳೆ ಹೊಡೆದು ಕೂಡಿಸಿದ್ದರು. ಬಾಗಿಲಿಗೆ ಬಣ್ಣ ಹಚ್ಚಿದಾಗಲೆಲ್ಲ ಅದಕ್ಕೂ ಹಚ್ಚಿ, ಗರಿಗಳೆಲ್ಲ ತುಂಬಿ, ಅದು ಮಳೆಯಲ್ಲಿ ತೊಯ್ದ ಕೋಳಿಯಂತೆ ಕಾಣುತ್ತಿತ್ತು. ದಿನಾ ಅರಿಶಿನ ಕುಂಕುಮ ಬೇರೆ. ಇದು ಜರ್ಮನ್ ಅರಸನ ಲಾಂಛನ ಎಂದು ನಾನು ಸಾದರಪಡಿಸುವ ಹೊತ್ತಿಗೆ ಅವನು ಕೈ ಎತ್ತಿ ತಡೆದ.

"ಇದು ಗಂಡಭೇರುಂಡ. ಬಸ್ಸಿನ ಮ್ಯಾಲ ನೋಡಿಲ್ಲೇನು? ಎರಡ ತಲಿ ಇರಬೇಕು."

"ಇದಕ್ಕ ಒಂದ ತಲಿ ಐತಲ್ಲ ಅಣ್ಣ."

"ಅದನ್ನ ಹೇಳಾಕತ್ತೇನಿ. ಇನ್ನೊಂದು ತಲಿ ಪಾಲಿನ್ಯಾಗ ಎಲ್ಲಿ ಹೋತು? ನಮ್ಮಪ್ಪ ಸಾಯೂತನಕ ಒಂದ ಮಾತ ಅಂತಿದ್ದ, ಮುದ್ದೇಬಿಹಾಳಕ್ಕ ಹೋಗೇತಿ ಅಂತ."

ನಮ್ಮ ಅಪ್ಪ ಬಾಯಿಸತ್ತ ಮನುಷ್ಯ. ತನ್ನ ಮೇಲೆ ಹೀಗೊಂದು ಆರೋಪವಿದೆಯೆಂದು ಗೊತ್ತಿಲ್ಲದೇ ತೀರಿಕೊಂಡ. ತಲೆ ನಮ್ಮಲ್ಲಿಲ್ಲ, ಕೋಳಿ ಕೂಡುವ ಚಿಪ್ಪು ಮಾತ್ರ ಇದೆ ಎಂದು ಎಷ್ಟು ಹೇಳಿದರೂ ವಕೀಲ ಅಣ್ಣ ನಕ್ಕು, "ನಾ ಏನೂ ಅಂದಿಲ್ಲಪ್ಪ," ಅನ್ನುತ್ತಿದ್ದ. ಕೊನೆಗೆ, ಉಳಿದ ಮೂವರೂ ಬರೆದುಕೊಟ್ಟರೆ ತಾನೂ ತರುವುದಾಗಿ ಒಪ್ಪಿದ.

ಬಸವನ ಬಾಗೇವಾಡಿಯ ತಮ್ಮ, ಕಾಕಾನ ಮಗ, ಸರಳ. ಬಿಲ್ಲೆಪಟ್ಟಿ ಮೊದಲು ಅವರ ಎತ್ತಿನ ಹಣೆಯ ಮೇಲಿತ್ತು. ಎತ್ತು ಹೋಗಿ ಟ್ರ್ಯಾಕ್ಟರ್ ಬಂದ ಮೇಲೆ ಟ್ರ್ಯಾಕ್ಟರಿನ ಹಣೆಗೆ ಬಂತು. "ಅವರಿಬ್ರೂ ತಂದ್ರ ನಂದೇನು, ಬಿಚ್ಚಿ ತರತೇನಿ," ಅಂದ. ಮೂವರಲ್ಲಿ ಯಾರಿಗೂ ಟೋಪಿ ಬೇಕಾಗಿರಲಿಲ್ಲ. ಇಡೀ ಟೋಪಿ ಇನ್ನೊಬ್ಬನ ಮನೆಯಲ್ಲಿ ಉಳಿದುಬಿಟ್ಟೀತು ಎಂಬುದೊಂದೇ ಎಲ್ಲರ ಸಂಕಟ. ಹೊಲ ಅಳೆಯುವಾಗ ಈ ಸಂಕಟವನ್ನು ನಾನು ದಿನಾ ಕಂಡವನೇ. ಒಂದು ಗೇಣು ಬದುವಿಗೆ ಇದ್ದದ್ದೇ ಒಂದು ಬೊಗಸೆ ಟೋಪಿಗೂ ಇತ್ತು.

ಆದ್ದರಿಂದ ಕಾಗದ ನಾನೇ ಬರೆದೆ. ನಾಲ್ಕು ಹಿಸ್ಸೆಗಳನ್ನು ಶ್ರಾವಣದ ಎರಡನೇ ರವಿವಾರ ಇಂಗಳೇಶ್ವರದ ಅತ್ತೆಯ ಮನೆಗೆ ತರತಕ್ಕದ್ದು. ಜೋಡಿಸಿ ಅತ್ತೆಗೆ ತೋರಿಸತಕ್ಕದ್ದು. ಅದೇ ದಿನ ಸಂಜೆ ಐದು ಗಂಟೆಯೊಳಗೆ ಬಿಚ್ಚಿ ಅವರವರ ಹಿಸ್ಸೆ ಅವರವರ ಸ್ವಾಧೀನಕ್ಕೆ ಕೊಡತಕ್ಕದ್ದು. ಈ ವೇಳೆಯನ್ನು ಯಾವ ಕಾರಣಕ್ಕೂ ಮೀರತಕ್ಕದ್ದಲ್ಲ. ನನ್ನ ವೃತ್ತಿಜೀವನದಲ್ಲಿ ಇಷ್ಟು ಬಿಗಿಯಾದ ಕಾಗದ ನಾನು ಬರೆದಿರಲಿಲ್ಲ. ವಕೀಲ ಅಣ್ಣ ಓದಿ, ಒಂದಕ್ಷರ ತಿದ್ದದೇ ಸಹಿ ಮಾಡಿ, "ಚಲೋ ಬರದೀದಿ," ಅಂದ. ಹೆಮ್ಮೆಯಾಯಿತು.

ನನ್ನ ಚಿಪ್ಪಿನ ಮುಂಭಾಗದ ತೊಗಲು ಹೊಲಿಗೆ ಬಿಟ್ಟಿತ್ತು. ಅದನ್ನು ನಾಲತವಾಡದಲ್ಲಿ ಚಪ್ಪಲಿ ಹೊಲಿಯುವ ಹಿರಿಯರೊಬ್ಬರ ಹತ್ತಿರ ಒಯ್ದೆ. ಅವರು ಅದನ್ನು ಮಗುಚಿ, ಹೊಲಿಗೆಯ ಮೇಲೆ ಹೆಬ್ಬೆರಳು ಎಳೆದು, "ಹೊಲದಾಂವ ಭೇಷ್ ಅದಾನ್ರಿ," ಅಂದರು. ಹೊಲಿದವನು ಸತ್ತು ನೂರು ವರ್ಷವಾಗಿರಬೇಕೆಂದೆ. "ಹೊಲಿಗಿ ಅದ ಅಲ್ರಿ," ಅಂದು ಕೆಲಸಕ್ಕೆ ಹತ್ತಿದರು. ಈ ಟೋಪಿಯ ವಿಷಯದಲ್ಲಿ ಮರ್ಯಾದೆಯಿಂದ ಮಾತಾಡಿದವರು ಅವರೊಬ್ಬರೇ.

ಆ ರವಿವಾರ ಎಲ್ಲರೂ ಬಂದರು. ಇಂಡಿಯ ಅಣ್ಣ ಬಸ್ಸಿಗೆ, ಸಿಂದಗಿಯವನು ಕಾರಿಗೆ, ಬಾಗೇವಾಡಿಯವನು ಮೋಟರ್‌ಸೈಕಲ್ಲಿಗೆ. ನಾಲ್ವರೂ ಒಂದೇ ಸೂರಿನಡಿ ಕೂತು ಉಂಡು ಎಷ್ಟೋ ವರ್ಷವಾಗಿತ್ತು. ಉಂಡಾದ ಮೇಲೆ ಪಡಸಾಲೆಯಲ್ಲಿ ಚಾಪೆ ಹಾಸಿ ನಾನು ಜೋಡಿಸಲು ಕುಂತೆ. ಅತ್ತೆ ಗೋಡೆಗೆ ಒರಗಿ, ತಲೆಯ ಮೇಲೆ ಸೆರಗು ಹೊದ್ದು, ಕಣ್ಣು ಮುಚ್ಚಿಕೊಂಡಿದ್ದಳು. ಆಗಲೇ ನೋಡಿದರೆ ಎಲ್ಲಿ ಕಣ್ಣು ಖರ್ಚಾದೀತೋ ಎಂಬಂತೆ.

ಕೋಡು ಕೂಡಲಿಲ್ಲ, ಕೆಳಗಿನ ತಿರುಪುಗಳನ್ನು ಲಿಂಬೆ ತಿಂದಿತ್ತು. ತಂತಿ ಕಟ್ಟಿದೆ. ಹದ್ದಿನ ಬಣ್ಣ ಕೆರೆದರೂ ಕೊಕ್ಕು ಸಿಗಲಿಲ್ಲ. ಬಿಲ್ಲೆಪಟ್ಟಿ ಡೀಸೆಲ್ಲು ನಾರುತ್ತಿತ್ತು. ಆದರೂ ಎಲ್ಲ ಕೂಡಿದಾಗ, ಸುಳ್ಳು ಯಾಕೆ ಹೇಳಲಿ, ಮೂವರೂ ಚಾಪೆಯ ಹತ್ತಿರಕ್ಕೆ ಸರಿದು ಬಂದರು. ವಕೀಲ ಅಣ್ಣ ಸುತ್ತ ತಿರುಗಿ ನೋಡಿ ಇನ್ನೊಂದು ತಲೆಗೆ ಜಾಗವಿಲ್ಲವೆಂದು ಖಾತ್ರಿ ಮಾಡಿಕೊಂಡು, "ಹಂಗಾರ ಒಂದ ಇದ್ದೀತು," ಅಂದ. ಅದು ನನ್ನ ಅಪ್ಪನ ಖುಲಾಸೆ.

"ಅತ್ತಿ, ಕಣ್ಣ ತಗೀರಿ."

ಅತ್ತೆ ಕಣ್ಣು ತೆರೆದಳು. ಎಡಗಣ್ಣಿನ ನೇರಕ್ಕೆ ತಲೆ ವಾಲಿಸಿ ಬಹಳ ಹೊತ್ತು ನೋಡಿದಳು.

"ಇದು ನಿಮ್ಮನಿ ಕೋಳಿ ಬುಟ್ಟಿ ಅಲ್ಲೇನು?" ಅಂದಳು.

"ಹೌದ್ರಿ. ಅದ ಮುತ್ಯಾನ ಟೊಪಗಿ."

"ಅಲ್ಲ."

"ಅದ ಐತ್ರಿ ಅತ್ತಿ. ನಾಕೂ ಪಾಲ ಕೂಡ್ಯಾವು."

"ಅಲ್ಲೋ ಯಪ್ಪಾ. ನಮ್ಮಪ್ಪನ್ದು ಹಿಂಗ ಮಿರಿ ಮಿರಿ ಮಿಂಚತಿದ್ದಿಲ್ಲ. ಈ ಹಕ್ಕಿ ಗಿಕ್ಕಿ ಇದ್ದಿಲ್ಲ. ಅರಿವೀದಿತ್ತು. ಹಸರಲ್ಲ, ಮಣ್ಣಿನ ಬಣ್ಣ ಅಲ್ಲ, ಎರಡೂ ಕೂಡಿದಂಗ. ಮುಂದ ಕೆಂಪ ದಾರದ್ಲೆ ಏನೋ ಹೊಲದಿದ್ರು. ಏನಂತ ಯಾರಿಗ ಗೊತ್ತು, ನಾ ಸಾಲಿಗೆ ಹೋದಾಕ್ಯಲ್ಲ."

ನನ್ನ ಬೆರಳು ಮೇಲೆ ತಳ್ಳಿದ ಚಿತ್ರಗಳೆಲ್ಲ ಒಂದೊಂದಾಗಿ ಕೆಳಗೆ ಬಂದವು. ಗವುಸು. ಮುಂಭಾಗದಲ್ಲಿ ಕೆಂಪಗೆ ಪಲ್ಟಣಿನ ನಂಬರು. ಮುತ್ಯಾ ಅದನ್ನು ಗವುಸಿನ ಸಮೇತ ತಂದಿದ್ದ, ಗವುಸಿನ ಸಮೇತ ತೊಟ್ಟಿದ್ದ. ಅತ್ತೆ ಹೆಗಲ ಮೇಲೆ ಕೂತು ಹಿಡಿದದ್ದು ಬಟ್ಟೆ ಸುತ್ತಿದ ಕೋಡು.

"ಆ ಅರಿವಿ ಎಲ್ಲಿ ಹೋತ್ರಿ ಅತ್ತಿ?"

"ಯಾವ ಅರಿವಿ?"

"ಪಾಲಾದ ದಿವಸ, ಟೊಪಗಿ ಮ್ಯಾಲಿಂದು ತಗದಿರಬೇಕಲ್ಲ."

ಅತ್ತೆ ನೆನೆಸಿಕೊಂಡಳು. ಹೊರಗಿನಿಂದ ಕರೆದಾಗ ಒಳಗೆ ನಾಲ್ಕು ಗುಂಪು ಇಟ್ಟು ಮೇಲೆ ಧೋತರ ಮುಚ್ಚಿದ್ದರಂತೆ. ಏನು ಇದೆಯೆಂದು ಅವಳಿಗೆ ಕಾಣಲಿಲ್ಲ. ಚೀಟಿ ಎತ್ತಿ ಹೊರಗೆ ಬರುವಾಗ ಹೊಸ್ತಿಲ ಹತ್ತಿರ ಒಂದು ಅರಿವೆ ಒಳಮಗ್ಗುಲು ಹೊರಗಾಗಿ ಮುದ್ದೆಯಾಗಿ ಬಿದ್ದಿತ್ತು. ಇದು ಯಾರದು ಎಂದು ಅವರವ್ವ ಕೇಳಿದಳು. ಅರಿವೆ ಎಣಿಕೆಗಿಲ್ಲ ಎಂದರು ಹಿರಿಯರು. ಹೆಣ್ಣುಮಗಳೂ ಎಣಿಕೆಗಿರಲಿಲ್ಲ. ಹಾಗಾಗಿ ಅರಿವೆಯನ್ನು ಅವಳಿಗೆ ಕೊಟ್ಟರು.

"ಅದನ್ನ ಸಿಂಬಿ ಮಾಡಿದ್ದೆ," ಅಂದಳು ಅತ್ತೆ. "ಈ ಊರಿಗೆ ಬಂದ ಮ್ಯಾಲೂ ಅದರ ಮ್ಯಾಲ ಕೊಡ ಇಟ್ಟ ನೀರ ಹೊತ್ತೇನಿ. ದಪ್ಪ ಅರಿವಿ, ಬಾಳ ದಿವಸ ಬಂತು. ಹರದು ಎಳಿ ಎಳಿ ಆದ ಮ್ಯಾಲ ಒಲಿಗೆ ಹಾಕಿದೆ." ಆಮೇಲೆ ಕೇಳಿದಳು: "ಯಾಕ, ಅದೇನಿತ್ತು?"

ನಾನು ಹೇಳಿದೆ. ಹೇಳಬಾರದಿತ್ತೋ ಏನೋ. ಅತ್ತೆ ತನ್ನ ನೆತ್ತಿಯ ಮೇಲೆ ಕೈ ಇಟ್ಟುಕೊಂಡು ಕೂತಳು, ಸಿಂಬೆ ಇರುತ್ತಿದ್ದ ಜಾಗದಲ್ಲಿ.

ಗೋಡೆಯ ಗಡಿಯಾರದಲ್ಲಿ ನಾಲ್ಕೂವರೆ. ನಾನು ಅಣ್ಣತಮ್ಮಂದಿರ ಕಡೆ ತಿರುಗಿದೆ. ನಾಕ ದಿವಸ ಇದನ್ನು ಹೀಗೇ ಬಿಡ್ರಿ, ಬಾಗೇವಾಡಿಯಲ್ಲಿ ದರ್ಜಿಯಿಂದ ಅಂಥದೇ ಗವುಸು ಹೊಲಿಸಿ ಹಾಕಿ ತೋರಿಸುತ್ತೇನೆ ಅಂದೆ. ಬಾಗೇವಾಡಿಯವನು ಇಂಡಿಯವನ ಮುಖ ನೋಡಿದ. ಇಂಡಿಯವನು, "ಉಪ್ಪಿನಕಾಯಿ ಹಾಕೂ ದಿವಸ ನೋಡು, ಮನ್ಯಾಗ ನಿಮ್ಮ ವೈನಿ ಬಡಕೋತಾಳ," ಅಂದ. ವಕೀಲ ಅಣ್ಣ ಕಿಸೆಯಿಂದ ಕಾಗದ ತೆಗೆದು, ಯಾವ ಕಾರಣಕ್ಕೂ ಮೀರತಕ್ಕದ್ದಲ್ಲ ಎಂಬಲ್ಲಿ ಬೆರಳಿಟ್ಟು ನನಗೇ ತೋರಿಸಿದ. ಸಿಟ್ಟಿರಲಿಲ್ಲ ಅವನಿಗೆ. ಬರಹಗಾರನ ಮೇಲೆ ಗೌರವವೇ ಇತ್ತು.

ಐದಕ್ಕೆ ಐದು ನಿಮಿಷ ಇರುವಾಗ ನಾನೇ ತಂತಿ ಬಿಚ್ಚಿದೆ.

ದರ್ಜಿ ನಾಲ್ಕು ದಿನದಲ್ಲಿ ಗವುಸು ಹೊಲಿದುಕೊಟ್ಟ. "ಯಾರ ತಲೀದ್ರಿ?" ಎಂದು ಒಮ್ಮೆ ಕೇಳಿದ. ಮುತ್ಯಾಂದು ಅಂದೆ. "ತಲಿಗೆ ಕೋಡ ಇತ್ತೇನ್ರಿ?" ಅಂದ. ಇತ್ತು ಅಂದೆ. ಮುಂದೆ ಕೇಳಲಿಲ್ಲ. ನಂಬರಿನ ಜಾಗದಲ್ಲಿ ಕೆಂಪು ದಾರದಿಂದ ಏನು ಹೊಲಿಯಬೇಕೆಂದು ನನಗೂ ತಿಳಿಯದೆ ಅಡ್ಡ ಗೆರೆ ಹಾಕಿಸಿದೆ. ಇಂಡಿಗೆ ಫೋನು ಮಾಡಿದೆ. "ಸಿಂದಗ್ಯಾಂವ ಹದ್ದ ಕೊಟ್ರ ಕೋಡ ಕೊಡತೇನಿ." ಗವುಸಿನ ಕೆಳಗೆ ಹದ್ದು ಕಾಣುವುದಿಲ್ಲ ಅಣ್ಣ, ಕೋಡೊಂದೇ ಸಾಕು ಅಂದೆ. "ಹಂಗಾರ ನಂದೊಂದ ಯಾಕ?" ಅಂದ. ಇದಕ್ಕೆ ಉತ್ತರ ಸರ್ವೇ ಇಲಾಖೆಯ ಯಾವ ಕೈಪಿಡಿಯಲ್ಲೂ ಇಲ್ಲ.

ಕೊನೆಗೆ ಚಿಪ್ಪಿಗೆ ಗವುಸು ಹಾಕಿ, ಕೋಡಿನ ಚೀಲ ಜೋತುಬೀಳಬಾರದೆಂದು ಅದರೊಳಗೆ ಜೋಳದ ದಂಟಿನ ತುಂಡು ಸಿಕ್ಕಿಸಿ, ಇಂಗಳೇಶ್ವರಕ್ಕೆ ಹೋದೆ. ತೋರಿಸಿದರೆ ಸಾಲದು, ತೊಡಬೇಕು ಅಂದಳು ಅತ್ತೆ. ತೊಟ್ಟೆ. ಅದು ಕಿವಿಯ ಮೇಲೆ ಬಂದು ಕೂತಿತು. ಅವಳ ಹೊರಸಿನ ಮುಂದೆ ಅಂಗಳದ ಬೆಳಕಿಗೆ ಮುಖ ಮಾಡಿ, ಇಳಿವಯಸ್ಸಿನ ನಿವೃತ್ತ ಸರಕಾರಿ ನೌಕರನೊಬ್ಬ ತಲೆಗೆ ದಂಟಿನ ಕೋಡು ಇಟ್ಟುಕೊಂಡು ಕುಕ್ಕರಗಾಲಲ್ಲಿ ಕುಂತ ದೃಶ್ಯವನ್ನು ಓಣಿಯ ಮಂದಿ ಕಟ್ಟೆಯ ಮೇಲೆ ನಿಂತು ನೋಡಿದರು. ಯಾರೂ ನಗಲಿಲ್ಲ. ಅತ್ತೆಗೆ ಊರಲ್ಲಿ ಅಷ್ಟು ಮರ್ಯಾದೆ.

"ಬಣ್ಣ ಹೌದು," ಅಂದಳು ಅತ್ತೆ. ತಲೆ ವಾಲಿಸಿದಳು. "ತಡಿ. ಬರಾಕತ್ತೇತಿ. ಮೀಸಿ ಬಂತು. ಎಡಕಿನ ಮೀಸಿ ತುಸು ಗಿಡ್ಡ ಇತ್ತು. ಗದ್ದ ಬಂತು."

ನಾನು ಅಲುಗಾಡಲಿಲ್ಲ.

"ಕಣ್ಣ ಬರವಲ್ವು," ಅಂದಳು.

ಕೈ ಚಾಚಿ ಕೋಡು ಹಿಡಿದಳು. ಬಟ್ಟೆಯೊಳಗೆ ದಂಟು ಕರಕ್ ಎಂದು ಮುರಿಯಿತು. "ಇದು ಅಲ್ಲ. ಅದು ತಣ್ಣಗಿತ್ತು. ಅರಿವ್ಯಾಗಿಂದನೂ ಕೈಗೆ ತಣ್ಣಗ ಹತ್ತತಿತ್ತು." ಸ್ವಲ್ಪ ಹೊತ್ತು ಹಿಡಿದಿದ್ದು ಕೈ ಬಿಟ್ಟಳು. "ಆ ಕೋಡ ತಗೊಂಡ ಬಾ ಯಪ್ಪಾ. ಅದೊಂದ ಕಡಿಮಿ ಐತಿ."

ಇಂಡಿಗೆ ಎರಡು ಸಲ ಹೋದೆ. ಮೊದಲ ಸಲ ಅಣ್ಣ ವಿಜಯಪುರಕ್ಕೆ ಹೋಗಿದ್ದ; ಅವರಿಲ್ಲದೇ ಪಾಲಿನ ವಸ್ತು ಹೊರಗೆ ಕೊಡಲಾರೆ ಅಂದರು ವೈನಿ, ಶರಬತ್ತು ಕೊಟ್ಟರು. ಎರಡನೇ ಸಲ ಅಣ್ಣನಿದ್ದ. ಸಿಂದಗಿಯವನಿಗೆ ಫೋನು ಹಚ್ಚಿದ, ಅವನು ಕೋರ್ಟಿನಲ್ಲಿದ್ದ. ಶರಬತ್ತು ಕುಡಿದು ಬಂದೆ. ಹಿತ್ತಾಳೆ ಅಂಗಡಿಯಲ್ಲಿ ಬೇರೆ ಕೋಡು ಮಾಡಿಸೋಣವೆಂದು ಅಳತೆಗೆ ಕೇಳಿದರೆ ಅಳತೆಯನ್ನೂ ಕೊಡಲಿಲ್ಲ. ನನ್ನ ವೃತ್ತಿ ಬಲ್ಲವರಾದ್ದರಿಂದ, ಅಳೆದವನು ನಾಳೆ ಹಕ್ಕು ಕೇಳಿಯಾನು ಎಂಬ ಅಂಜಿಕೆ.

ದೀಪಾವಳಿ ಆಗಿ ಮೂರನೇ ವಾರ ಅತ್ತೆಯ ಎಡಗಣ್ಣೂ ಹೋಯಿತು. ಗವುಸು ಅವಳ ದಿಂಬಿನ ಕೆಳಗಿದೆ. ಟೋಪಿ ನಾಲ್ಕು ತಾಲೂಕುಗಳಲ್ಲಿದೆ.